ಚೀನಾ ಪಾಠ: ಈ ತಿಂಗಳು ಅಫೀಮು ಯುದ್ಧದವರೆಗೆ

ಶನಿವಾರ ಸಂಜೆ ಹೈಸ್ಕೂಲ್ ಮಕ್ಕಳಿಗೆ ನಾನು ಹೇಳಿಕೊಡುತ್ತಿರುವ ಚೀನಾದ ಇತಿಹಾಸ ಈಗ ಬ್ರಿಟನ್ ಮತ್ತು ಚೀನಾ ನಡುವಿನ ಅಫೀಮು ಯುದ್ಧಕ್ಕೆ ಬಂದಿದೆ. ರಾಜವಂಶಗಳನ್ನು ಬೇಗ ಮುಗಿಸಿದೆ. ಪಟ್ಟಿ ಗೋಡೆಯ ಮೇಲಿದೆ, ಬೇಕಾದಾಗ ನೋಡಿಕೊಳ್ಳಬಹುದು. ಆದರೆ ಇವತ್ತಿನ ಚೀನಾ ಹೊರದೇಶಗಳ ಜೊತೆ ಇಷ್ಟು ಬಿಗಿಯಾಗಿ ಯಾಕೆ ಮಾತಾಡುತ್ತದೆ ಅಂತ ತಿಳಿಯಬೇಕಾದರೆ ದಕ್ಷಿಣ ಚೀನಾದ ಗುವಾಂಗ್‌ಝೌ ಬಂದರಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಲೇಬೇಕು.

1757ರ ನಂತರ ಬ್ರಿಟಿಷ್ ವರ್ತಕರಿಗೆ ತೆರೆದಿದ್ದದ್ದು ಆ ಒಂದೇ ಬಂದರು. ಸರ್ಕಾರ ಒಪ್ಪಿದ ವರ್ತಕರ ಜೊತೆ ಮಾತ್ರ ವ್ಯವಹಾರ. ಹೆಂಗಸರನ್ನು ಕರೆತರುವಂತಿಲ್ಲ. ವ್ಯಾಪಾರದ ಸೀಸನ್ ಮುಗಿದರೆ ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್‌ಗೆ ಹೊರಡಬೇಕು. ಜೇಮ್ಸ್ ಫ್ಲಿಂಟ್ ಎಂಬ ಇಂಗ್ಲಿಷಿನವನು ಚೀನೀ ಭಾಷೆ ಕಲಿತು, 1759ರಲ್ಲಿ ನೇರವಾಗಿ ಚಕ್ರವರ್ತಿಗೇ ದೂರು ಮುಟ್ಟಿಸಿದ. ಅವನಿಗೆ ಮೂರು ವರ್ಷ ಸೆರೆ. ದೂರು ಬರೆಯಲು ನೆರವಾದ ಚೀನೀಯನಿಗೆ ಮರಣದಂಡನೆ. ವಿದೇಶಿಯರಿಗೆ ಭಾಷೆ ಕಲಿಸುವುದಕ್ಕೂ ನಿಷೇಧ ಬಂತು. ಕಲಿಯುವುದು, ಕಲಿಸುವುದು ಇಷ್ಟು ಅಪಾಯದ ಕೆಲಸವಾಗಿತ್ತು ಅನ್ನುವುದು ನನ್ನನ್ನು ತುಂಬಾ ಕಾಡಿತು.

ಬ್ರಿಟಿಷರಿಗೆ ಟೀ ಬೇಕು, ಚೀನೀಯರಿಗೆ ಬೇಕಾದದ್ದು ಬೆಳ್ಳಿ. ಆ ಬೆಳ್ಳಿಯನ್ನು ವಾಪಸ್ ಎಳೆದದ್ದು ಅಫೀಮು. ಅದು ಬೆಳೆದದ್ದು ನಮ್ಮ ದೇಶದಲ್ಲೇ! ಇದಕ್ಕಾಗಿ ದೊಡ್ಡ ನಕ್ಷೆಯೊಂದನ್ನು ಬರೆದಿದ್ದೇನೆ. ಬಿಹಾರದ ಹೊಲಗಳಿಂದ ಪಟ್ನಾ, ಅಲ್ಲಿಂದ ಕಲ್ಕತ್ತದ ಹರಾಜು, ಆಮೇಲೆ ಖಾಸಗಿ ಹಡಗುಗಳಲ್ಲಿ ಚೀನಾದ ಕರಾವಳಿ. ಮಾಳ್ವದ ಅಫೀಮು ಬೊಂಬಾಯಿಯಿಂದ ಹೋಗುತ್ತಿತ್ತು. ಬಿಹಾರದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಬೆಳೆಸಿ ಹರಾಜು ಹಾಕುತ್ತಿತ್ತು, ಚೀನಾದಲ್ಲಿ ಅಫೀಮಿಗೆ ನಿಷೇಧ ಇದ್ದದ್ದರಿಂದ ತನ್ನ ಹಡಗಿನಲ್ಲಿ ಮಾತ್ರ ಸಾಗಿಸುತ್ತಿರಲಿಲ್ಲ. ಈ ಜಾಣತನ ಮಕ್ಕಳಿಗೆ ಬೇಗ ಅರ್ಥವಾಯಿತು.

ಲಿನ್ ಝೆಶು ಬಗ್ಗೆ ಒಂದು ಸಂಜೆ ಪೂರ್ತಿ ಕೊಟ್ಟೆ. 1839ರ ಜೂನ್‌ನಲ್ಲಿ ಚೀನಾದ ಈ ಅಧಿಕಾರಿ ಹುಮೆನ್‌ನಲ್ಲಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶಮಾಡಿಸಿದ. ಹೊಂಡ ತೋಡಿ, ನೀರು ತುಂಬಿ, ಉಪ್ಪು ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಡಿಸಿದ. ನೀರು ಕೆಡಿಸುತ್ತಿರುವುದಕ್ಕೆ ಸಮುದ್ರ ದೇವತೆಯ ಕ್ಷಮೆಯನ್ನೂ ಕೇಳಿದ. ಅಷ್ಟೇ ಅಲ್ಲ, ವಿದೇಶಿ ಪತ್ರಿಕೆಗಳನ್ನು ಅನುವಾದ ಮಾಡಿಸಿ ಓದುತ್ತಿದ್ದ. ಅಫೀಮು ನಾಶದಿಂದ ಬ್ರಿಟನ್ ಜೊತೆ ಯುದ್ಧ ಶುರುವಾದ ಮೇಲೆ ಅವನನ್ನು ಕೆಲಸದಿಂದ ತೆಗೆದು, ದೂರದ ಶಿನ್‌ಜಿಯಾಂಗ್‌ಗೆ ಗಡಿಪಾರು ಮಾಡಿದರು. ತಾನು ಕೂಡಿಸಿಟ್ಟಿದ್ದ ಮಾಹಿತಿಯನ್ನು ಗೆಳೆಯ ವೇ ಯುವಾನ್‌ಗೆ ಕೊಟ್ಟ. ವೇ ಯುವಾನ್ ಅದರಿಂದ ಹೊರದೇಶಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಮಾಡಿದ, ಅದು ಜಪಾನಿನಲ್ಲೂ ಓದಿಸಿಕೊಂಡಿತು. ನನಗೆ ಲಿನ್ ದೊಡ್ಡವನಾಗಿ ಕಾಣುವುದು ಅಫೀಮಿನ ಹೊಂಡಗಳಿಗಿಂತ ಈ ಓದಿನಿಂದ.

ಸಾನ್‌ಯುವಾನ್‌ಲಿ ಕಥೆಯಲ್ಲಿ ಮಕ್ಕಳು ಒಂದು ಕ್ಷಣ ಸುಮ್ಮನಾದರು. 1841ರ ಮೇ ತಿಂಗಳಲ್ಲಿ ಗುವಾಂಗ್‌ಝೌ ಪಕ್ಕದ ಆ ಊರಿನ ಸುತ್ತಮುತ್ತಲ ಹಳ್ಳಿಗರು ಮಳೆಯಲ್ಲಿ ಬ್ರಿಟಿಷ್ ಸೇನೆಗೆ ಎದುರು ನಿಂತರು. ಮದ್ದು ಒದ್ದೆಯಾಗಿ ಬಂದೂಕು ಹಾರಲಿಲ್ಲ. ಹಾಗೆ ಸಿಕ್ಕಿಬಿದ್ದವರು ಮದ್ರಾಸಿನ ಸಿಪಾಯಿಗಳು. ಅಫೀಮು ಬೆಳೆದ ರೈತರಷ್ಟೇ ಅಲ್ಲ, ಯುದ್ಧ ಮಾಡಿದವರಲ್ಲೂ ನಮ್ಮವರಿದ್ದರು ಅಂತ ಭಾರತದ ಮಕ್ಕಳಿಗೆ ಹೇಳದಿದ್ದರೆ ಈ ಪಾಠ ಅರ್ಧವೇ, ಅಲ್ವಾ?

ಮುಂದಿನ ವಾರ, ಯುದ್ಧ ಸೋತ ಚೀನಾ ಬ್ರಿಟನ್ ಜೊತೆ ಮಾಡಿಕೊಂಡ 1842ರ ನಾನ್‌ಜಿಂಗ್ ಒಪ್ಪಂದ. ಐದು ಬಂದರು ತೆರೆದದ್ದು, 2.1 ಕೋಟಿ ಬೆಳ್ಳಿ ಡಾಲರ್ ತೆತ್ತದ್ದು, ಹಾಂಗ್‌ಕಾಂಗ್ ದ್ವೀಪ ಬಿಟ್ಟುಕೊಟ್ಟದ್ದು. ಅದೇ ತರಗತಿಯಲ್ಲಿ ಹಾಂಗ್‌ಕಾಂಗ್ ವಾಪಸ್ ಬಂದ 1997ರ ಜುಲೈ 1ನ್ನೂ ಹೇಳುತ್ತೇನೆ. ಐದೂ ಬಂದರುಗಳ ಹೆಸರನ್ನು ಕನ್ನಡದಲ್ಲಿ ಬರೆದ ಕರಾವಳಿ ನಕ್ಷೆ ಪೆನ್ಸಿಲ್‌ನಲ್ಲಿ ಮುಗಿದಿದೆ, ಬಣ್ಣ ತುಂಬುವುದು ಬಾಕಿ.