ಶಿವನೆ ಮರದಲ್ಲಿ ಒಂದು ಕೈ

ನವೆಂಬರ್ 9

ಅಡಿಕೆ ಕೊಯ್ಲು ಶುರುವಾಗಿ ಮನೆಯಲ್ಲಿ ಎಲ್ಲರ ಕೈಗೂ ಕೆಲಸ. ರಾತ್ರಿ ಊಟಕ್ಕೆ ಮುಂಚೆ ನನಗೆ ಒಂದೆರಡು ಗಂಟೆ ಬಿಡುವು ಸಿಗುತ್ತದೆ. ಆ ಹೊತ್ತಿನಲ್ಲಿ ಒಂದು ಕೈ ಮಾಡಲು ಕೂತಿದ್ದೇನೆ. ಹೊರಗಿನಿಂದ ಕೈಯಂತೆ ಕಂಡರೆ ಸಾಲದು. ಒಳಗಿರುವ ಮೂಳೆಯೆಲ್ಲ ಇರಬೇಕು, ಮುಂಗೈಯಲ್ಲಿ ದಾರ ಎಳೆದರೆ ಬೆರಳು ನಮ್ಮದು ಮಡಚುವ ಹಾಗೇ ಮಡಚಬೇಕು.

ಕಾರಣ ಅಮ್ಮನ ಬಲಗೈ ಉಂಗುರಬೆರಳು. ಬೆಳಿಗ್ಗೆ ಎದ್ದಾಗ ಮಡಚಿದ್ದು ಮಡಚಿದಂತೆಯೇ ನಿಂತಿರುತ್ತದೆ. ಎಡಗೈಯಲ್ಲಿ ಹಿಡಿದು ಬಿಡಿಸಿದರೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. "ಕಚ್ಕೊಂಡಿದೆ ನೋಡೋ" ಅನ್ನುತ್ತಾಳೆ, ಮತ್ತೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂರುತ್ತಾಳೆ. ಡಾಕ್ಟರು ಟ್ರಿಗರ್ ಫಿಂಗರ್ ಎಂದು ಹೆಸರು ಹೇಳಿದರು. ಯಾವುದು ಯಾವುದನ್ನು ಕಚ್ಚಿಕೊಂಡಿದೆ ಎಂಬುದು ನನಗೆ ಅರ್ಥವಾಗಲಿಲ್ಲ. ಅದು ಕಣ್ಣಿಗೆ ಕಾಣಬೇಕು.

ಮೂಳೆಗೆ ಶಿವನೆ ಮರ. ಗುಡಿಗಾರರು ಕೆತ್ತನೆಗೆ ಬಳಸುವ ಮರ ಅದು, ಚಾಕುವಿನ ಮಾತು ಕೇಳುತ್ತದೆ, ಸೀಳಿಕೊಳ್ಳುವುದಿಲ್ಲ. ಕೊಟ್ಟಿಗೆ ಅಟ್ಟದಲ್ಲಿ ಒಂದು ತುಂಡು ಒಣಗಿ ಬಿದ್ದಿತ್ತು. ಆಕಾರ ನೋಡಲು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಪ್ಲಾಸ್ಟಿಕ್ ಅಸ್ಥಿಪಂಜರದ ಬಲಗೈಯನ್ನು ಕಳಚಿ ಕೊಟ್ಟಿದ್ದಾರೆ. ಅಳತೆಗೆ ನಾನು ಬೈಕಿನಿಂದ ಬಿದ್ದಾಗ ತೆಗೆಸಿದ್ದ ಎಕ್ಸ್‌ರೇ ಕಿಟಕಿಗೆ ಅಂಟಿಸಿದ್ದೇನೆ. ಮರದ ಕೈ ಅದರ ಒಂದೂವರೆ ಪಟ್ಟು.

ಒಂದು ಕೈಗೆ 27 ಮೂಳೆ. ಬೆರಳುಗಳಲ್ಲಿ 14 (ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು), ಅಂಗೈಯಲ್ಲಿ 5, ಮಣಿಕಟ್ಟಿನಲ್ಲಿ 8. ದೊಡ್ಡವರ ಮೈಯಲ್ಲಿರುವ 206 ಮೂಳೆಗಳಲ್ಲಿ ಎರಡು ಕೈಗೇ 54 ಹೋಗುತ್ತವೆ, ಕಾಲುಭಾಗಕ್ಕಿಂತ ಹೆಚ್ಚು.

ನವೆಂಬರ್ 17

ನಡುಬೆರಳಿನ ಮೂರೂ ಮೂಳೆ ಮುಗಿದವು. ಎಕ್ಸ್‌ರೇಯಲ್ಲಿ 46, 29, 19 ಮಿ.ಮೀ. ಮರದಲ್ಲಿ 69, 43, 28. ಸಾಲಾಗಿ ಮೇಜಿನ ಮೇಲಿಟ್ಟರೆ ಬೆರಳು ತೀರಾ ಉದ್ದವಾಗಿ ಕಂಡಿತು. ಎರಡು ಸಲ ಅಳೆದೆ, ಅಳತೆ ಸರಿಯಿತ್ತು. ನಾನು ಬೆರಳನ್ನು ಯಾವಾಗಲೂ ಅಂಗೈ ಕಡೆಯಿಂದ ನೋಡುತ್ತಿದ್ದುದೇ ತಪ್ಪಾಗಿತ್ತು. ಆ ಕಡೆಯಿಂದ ಬೆರಳು ಬುಡದ ಗೆರೆಯಲ್ಲಿ ಶುರುವಾದಂತೆ ಕಾಣುತ್ತದೆ, ಆದರೆ ಆ ಗೆರೆಯ ಕೆಳಗೆ ಯಾವ ಕೀಲೂ ಇಲ್ಲ. ಮುಷ್ಟಿ ಕಟ್ಟಿ ಹಿಂಬದಿಯಿಂದ ನೋಡಿ. ಎದ್ದು ನಿಲ್ಲುವ ಗೆಣ್ಣು ಇದೆಯಲ್ಲ, ಬೆರಳು ಅಲ್ಲಿಂದ ಶುರು. ಅಂಗೈ ಕಡೆ ಆ ಜಾಗ ಗೆರೆಯಿಂದ ಸುಮಾರು ಎರಡು ಸೆಂ.ಮೀ. ಒಳಗಿದೆ. ಮೊದಲ ಮೂಳೆಯ ಅರ್ಧದಷ್ಟು ಅಂಗೈ ಮಾಂಸದಲ್ಲಿ ಹೂತುಕೊಂಡಿರುತ್ತದೆ. ಚಿಕ್ಕಂದಿನಿಂದ ಹೆಬ್ಬೆರಳಲ್ಲಿ ಈ ಗೆರೆಗಳನ್ನು ಮುಟ್ಟಿ ಮುಟ್ಟಿ ಲೆಕ್ಕ ಮಾಡಿದವನು ನಾನು. ಇಷ್ಟು ವರ್ಷ ಇದು ಗೊತ್ತಾಗಿರಲಿಲ್ಲ.

ಕೀಲುಗಳ ಎರಡೂ ಪಕ್ಕಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ್ದೆ. ಬೆರಳು ಅಡ್ಡಕ್ಕೂ ಓಲಾಡಿತು. ಕಿತ್ತು ಹಳೇ ಚಪ್ಪಲಿಯ ತೊಗಲು ಹಾಕಿದೆ. ಈಗ ಮುಂದಕ್ಕೆ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

ನವೆಂಬರ್ 30

ಮಣಿಕಟ್ಟು. ಎರಡು ವಾರ ಇದೇ ಆಯಿತು.

ಬೆರಳಿನ ಮೂಳೆ ಯಾರಾದರೂ ಕೆತ್ತಬಹುದು, ನಡು ಸಣ್ಣ, ಎರಡು ತುದಿ ದಪ್ಪ. ಮಣಿಕಟ್ಟಿನ ಎಂಟು ಹಾಗಲ್ಲ, ಒಂದರ ಹಾಗೆ ಇನ್ನೊಂದಿಲ್ಲ. ಹೆಸರುಗಳು ಲ್ಯಾಟಿನ್ನು, ಗ್ರೀಕು. ಆದರೆ ಅರ್ಥ ತಿಳಿದ ಮೇಲೆ ಎಲ್ಲ ನಮ್ಮ ಹಿತ್ತಲಲ್ಲಿ ಬಿದ್ದಿರುವ ವಸ್ತುಗಳೇ. ಸ್ಕೇಫಾಯ್ಡ್ ಎಂದರೆ ದೋಣಿ, ಲೂನೇಟ್ ಎಂದರೆ ಚಂದ್ರ, ಹ್ಯಾಮೇಟ್ ಎಂದರೆ ಕೊಕ್ಕೆಯುಳ್ಳದ್ದು, ಪಿಸಿಫಾರ್ಮ್ ಎಂದರೆ ಬಟಾಣಿ. ಕಿರುಬೆರಳ ಕಡೆ ಮಣಿಕಟ್ಟಿನ ಗೆರೆಯ ಹತ್ತಿರ ಒತ್ತಿದರೆ ಗುಂಡಗೆ ಕೈಗೆ ಸಿಗುತ್ತದಲ್ಲ, ಅದೇ ಬಟಾಣಿ. ಮಂಡಿಚಿಪ್ಪಿನ ಹಾಗೆ ಅದೂ ಸ್ನಾಯುವಿನ ರಜ್ಜಿನೊಳಗೆ ಹುಟ್ಟಿಕೊಳ್ಳುವ ಮೂಳೆ. ಹುಟ್ಟಿದ ಕೂಸಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಈ ಎಂಟರಲ್ಲಿ ಒಂದೂ ಕಾಣುವುದಿಲ್ಲ, ಆಗ ಅವೆಲ್ಲ ಮೆದುವಾದ ಮೃದ್ವಸ್ಥಿ. ನಡುವಿನ ದೊಡ್ಡದು, ಕ್ಯಾಪಿಟೇಟ್, ಮೊದಲ ಕೆಲವು ತಿಂಗಳಲ್ಲೇ ಗಟ್ಟಿಯಾಗತೊಡಗುತ್ತದೆ. ಬಟಾಣಿಯ ಸರದಿ ಕೊನೆಗೆ, ಒಂಬತ್ತು ಹತ್ತು ವರ್ಷದ ಆಚೆ. ಮಕ್ಕಳ ಬೆಳವಣಿಗೆ ತಿಳಿಯಲು ಕೈಯ ಎಕ್ಸ್‌ರೇ ತೆಗೆಸುವುದು ಇದಕ್ಕೇ.

ಎಂಟೂ ಒಂದಕ್ಕೊಂದು ಒತ್ತಿಕೊಂಡು ಎರಡು ಸಾಲಾಗಿ ಕೂತಿವೆ, ಮಣ್ಣು ಗಾರೆ ಏನೂ ಇಲ್ಲದೆ ಕಟ್ಟಿದ ಕಾಡುಗಲ್ಲಿನ ಪಾಗಾರದಂತೆ. ಒಂದನ್ನು ಅರ್ಧ ಮಿಲಿಮೀಟರ್ ಹೆಚ್ಚು ಉಜ್ಜಿದರೆ ಅದರಾಚೆಯದು ಅಲುಗುತ್ತದೆ. ಮೊದಲು ಜೇಡಿಮಣ್ಣಿನಲ್ಲಿ ಮಾಡಿ ಕೂರಿಸಿ ನೋಡಿದೆ. ಒಣಗಿದ ಮೇಲೆ ಎತ್ತಲು ಹೋದಾಗ ದೋಣಿ ನಡುವಿಗೇ ಮುರಿಯಿತು. ನಿಜವಾದ ಮಣಿಕಟ್ಟಿನಲ್ಲೂ ಹೆಚ್ಚು ಮುರಿಯುವುದು ಇದೇ ಮೂಳೆ, ಇದೇ ಜಾಗದಲ್ಲಿ. ಬೀಳುವಾಗ ಕೈ ಊರಿದರೆ ಪೆಟ್ಟು ಇದರ ಸಣ್ಣ ಸೊಂಟಕ್ಕೆ ಬೀಳುತ್ತದೆ. ರಕ್ತ ಇದಕ್ಕೆ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಒಳಗೆ ಬರುವುದರಿಂದ, ಮುರಿದಾಗ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪಬಹುದು. ಹಾಗಾಗಿ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿ "ನೋವಿದೆಯಾ" ಎಂದು ಅವತ್ತು ನನ್ನನ್ನು ಮತ್ತೆ ಮತ್ತೆ ಕೇಳಿದ್ದು ಯಾಕೆಂದು ಈಗ ತಿಳಿಯಿತು.

ಡಿಸೆಂಬರ್ 8

ದಾರದ ಕೆಲಸ. ಮೊದಲು ಒಂದು ಮಾತು. ನಮ್ಮ ಕಡೆ ಕೈಯಲ್ಲಿ ಎದ್ದು ಕಾಣುವುದೆಲ್ಲ "ನರ". ರಕ್ತನಾಳವೂ ನರ, ಸಂವೇದನೆ ಒಯ್ಯುವುದೂ ನರ, ಮೂಳೆ ಎಳೆಯುವ ಹುರಿಯೂ ನರ. ನಾನು ಕಟ್ಟುತ್ತಿರುವುದು ಮೂರನೆಯದನ್ನು. ಅದನ್ನು ರಜ್ಜು ಎನ್ನುತ್ತೇನೆ.

ಬೆರಳಿನೊಳಗೆ ಬೆರಳನ್ನು ಮಡಚುವ ಸ್ನಾಯುವೇ ಇಲ್ಲ. ಮಾಂಸಖಂಡಗಳೆಲ್ಲ ಅಂಗೈಯಲ್ಲಿ, ಮುಂಗೈಯಲ್ಲಿ. ಮುಂಗೈ ಹಿಡಿದುಕೊಂಡು ಒಂದೊಂದೇ ಬೆರಳು ಆಡಿಸಿದರೆ ಒಳಗೆ ಹೊರಳಾಡುವುದು ತಿಳಿಯುತ್ತದೆ. ಅಲ್ಲಿಂದ ಪ್ರತಿ ಬೆರಳಿಗೆ ಎರಡು ಮಡಚುವ ರಜ್ಜು ಬರುತ್ತವೆ. ಮೇಲ್ಪದರದ್ದು ನಡುಮೂಳೆಗೆ, ಆಳದ್ದು ತುದಿಮೂಳೆಗೆ. ಆಳದಲ್ಲಿರುವುದು ಅದಕ್ಕಿಂತ ದೂರ ಹೋಗಬೇಕು, ಆದರೆ ದಾರಿಗೆ ಮೇಲಿನದು ಅಡ್ಡ. ಕೈ ಇದನ್ನು ಬಿಡಿಸಿಕೊಂಡ ರೀತಿ ನೋಡಿ ನಾನು ಕೆಲಸ ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಮೇಲಿನ ರಜ್ಜು ಸೀಳಿಕೊಂಡು ಎರಡು ಕವಲಾಗುತ್ತದೆ, ಆಳದ್ದು ಆ ಕಿಂಡಿಯಲ್ಲಿ ತೂರಿ ಮುಂದೆ ಹೋಗುತ್ತದೆ. ನಾನು ಮೇಲಿನದಕ್ಕೆ ಹೊಲಿಗೆ ಅಂಗಡಿಯ ಚಪ್ಪಟೆ ನೈಲಾನ್ ಟೇಪು ತಂದು ಬ್ಲೇಡಿನಲ್ಲಿ ನಡುವೆ ಸೀಳಿದೆ. ಅಂಚು ಎಳೆ ಬಿಡತೊಡಗಿತು. ಉರಿಯುವ ಊದುಬತ್ತಿಯ ಕೆಂಡವನ್ನು ಅಂಚಿಗೆ ತಾಗಿಸುತ್ತ ಹೋದರೆ ಕರಗಿ ಗಟ್ಟಿಯಾಗುತ್ತದೆ. ಆ ಸೀಳಿನೊಳಗೆ ಮೀನಿನ ಗಾಳದ ದಾರ.

ಎಳೆದಾಗ ಬೆರಳು ಮಡಚಿತು, ಆದರೆ ದಾರ ಮೂಳೆ ಬಿಟ್ಟು ಬಿಲ್ಲಿನ ಹೆದೆಯಂತೆ ಗಾಳಿಯಲ್ಲಿ ನಿಂತಿತು. ದಾರವನ್ನು ಮೂಳೆಗೆ ಒತ್ತಿ ಹಿಡಿಯುವ ಬಳೆಗಳು ಬೇಕು. ನಿಜವಾದ ಬೆರಳಿನಲ್ಲಿ ಅಡ್ಡ ಬಳೆ ಐದು, ಓರೆಯವು ಮೂರು. ಐದರಲ್ಲಿ ಮೊದಲ ಮೂಳೆಯ ಮೇಲಿನ ಎರಡನೆಯದು, ನಡುಮೂಳೆಯ ಮೇಲಿನ ನಾಲ್ಕನೆಯದು, ಇವೆರಡು ಮುಖ್ಯ. ಬಂಡೆ ಹತ್ತುವವರು ಬೆರಳ ತುದಿಯಲ್ಲಿ ಮೈಭಾರ ಹೊತ್ತಾಗ ಹರಿದುಕೊಳ್ಳುವುದು ಬಹುಪಾಲು ಆ ಎರಡನೆಯದನ್ನೇ. ದಪ್ಪ ಜೆಲ್ ಪೆನ್ನಿನ ಖಾಲಿ ರೀಫಿಲ್ ಕತ್ತರಿಸಿ, ಉದ್ದಕ್ಕೆ ಸೀಳಿ, ಕಮಾನಿನಂತೆ ಬಿಡಿಸಿ ಅಂಟಿಸಿದೆ. ಐದೇ ಹಾಕಿದ್ದೇನೆ, ಓರೆಯವನ್ನು ಬಿಟ್ಟೆ.

ಡಿಸೆಂಬರ್ 14

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಉಂಗುರಬೆರಳಿನ ದಾರ ಗಿಡ್ಡ ಬಿತ್ತು. ಇನ್ನೊಂದು ತುಂಡು ಸೇರಿಸಿ ಗಂಟು ಹಾಕಿದೆ. ಗಂಟು ಬಂದದ್ದು ಬೆರಳ ಬುಡದಲ್ಲಿ, ಮೊದಲನೇ ಬಳೆಯ ಹತ್ತಿರ. ಎಳೆದೆ, ಬೆರಳು ಮಡಚಿತು. ಗಂಟು ಬಳೆಯೊಳಗಿಂದ ಕಷ್ಟಪಟ್ಟು ತೂರಿ ಮಣಿಕಟ್ಟಿನ ಕಡೆ ಹೊರಬಂತು. ದಾರ ಬಿಟ್ಟೆ. ಬೆರಳು ಬಿಚ್ಚಿಕೊಳ್ಳಲಿಲ್ಲ. ಹಿಂಬದಿಗೆ ಕಟ್ಟಿದ್ದ ರಬ್ಬರು ಎಳೆಯುತ್ತಿದೆ, ಆದರೆ ಗಂಟು ಬಳೆಯ ಬಾಯಿಗೆ ಬಂದು ನಿಂತಿದೆ, ಒಳಗೆ ಹೋಗುತ್ತಿಲ್ಲ. ಬೆರಳ ತುದಿ ಹಿಡಿದು ನಾನೇ ಮೇಲಕ್ಕೆ ಎತ್ತಿದೆ. ಟಕ್.

ಅಮ್ಮನ ಬೆರಳಿನ ಶಬ್ದ.

ಮಡಚುವ ಸ್ನಾಯು ಬಲವಾದದ್ದು, ಗಂಟನ್ನು ಹೇಗಾದರೂ ಎಳೆದುಕೊಂಡುಬಿಡುತ್ತದೆ. ಬಿಚ್ಚುವುದಕ್ಕೆ ಅಷ್ಟು ಬಲವಿಲ್ಲ. ಒಳಗೆ ಹೋಗಿ ಅಮ್ಮನ ಅಂಗೈ ಹಿಡಿದು, ಉಂಗುರಬೆರಳಿನ ನೇರಕ್ಕೆ, ಅಂಗೈಯ ಮೇಲಿನ ಗೆರೆಯ ಹತ್ತಿರ ಹೆಬ್ಬೆರಳು ಒತ್ತಿ, ಮಡಚಿ ಬಿಡಿಸು ಎಂದೆ. ಹೆಸರುಕಾಳಿನಷ್ಟು ಗಂಟೊಂದು ನನ್ನ ಬೆರಳ ಕೆಳಗೆ ಹಿಂದೆ ಮುಂದೆ ಸರಿಯಿತು. ಬೆರಳಿನ ಗೆಣ್ಣೇ ಹಾಳಾಗಿದೆ ಎಂದುಕೊಂಡು ಇಷ್ಟು ದಿನ ಗೆಣ್ಣಿಗೆ ಎಣ್ಣೆ ಹಚ್ಚುತ್ತಿದ್ದಳು. ಕಚ್ಚುತ್ತಿದ್ದುದು ಅಂಗೈಯಲ್ಲಿ. ಮರದ ಬೆರಳನ್ನು ಅವಳ ಕೈಗೆ ಕೊಟ್ಟೆ. ನಾಲ್ಕೈದು ಸಲ ಎಳೆದು ಬಿಟ್ಟು ನೋಡಿದಳು. "ಆ ಬಳೆ ಕತ್ತರಿಸಿದರೆ?" ಅಂದಳು. ಚುಚ್ಚುಮದ್ದಿಗೆ ಬಗ್ಗದಿದ್ದರೆ ವೈದ್ಯರು ಮಾಡುವುದೂ ಅದನ್ನೇ, ಆ ಭಾಗ ಮಾತ್ರ ಮರಗಟ್ಟಿಸಿ ಮೊದಲ ಬಳೆ ಸೀಳಿಬಿಡುತ್ತಾರೆ. ನನ್ನ ಬೆರಳಲ್ಲೂ ಕತ್ತರಿಸಿ ನೋಡಿದೆ. ಎರಡನೆಯದೂ ನಾಲ್ಕನೆಯದೂ ಇರುವುದರಿಂದ ದಾರ ಮೂಳೆ ಬಿಟ್ಟು ಏಳಲಿಲ್ಲ, ಬೆರಳು ಸಲೀಸಾಗಿ ಮಡಚಿ ಬಿಚ್ಚಿತು.

ಡಿಸೆಂಬರ್ 28

ನಾಲ್ಕು ಬೆರಳಿಗೆ ಎಂಟು ರಜ್ಜು, ಹೆಬ್ಬೆರಳಿಗೆ ಒಂದು. ಒಂಬತ್ತನ್ನೂ ಮಣಿಕಟ್ಟಿನ ಸುರಂಗದಲ್ಲಿ ತೂರಿಸಿದೆ. ಕೆಳಗೆ ಎಂಟು ಮೂಳೆಗಳ ಕಮಾನು, ಮೇಲೆ ಅಡ್ಡಪಟ್ಟಿ, ಅದರ ನಡುವಿನ ಸಂದು. ಇವುಗಳ ಜೊತೆ ಮೀಡಿಯನ್ ಎಂಬ ನರವೂ ಅಲ್ಲೇ ಹೋಗಬೇಕು, ಅದಕ್ಕೊಂದು ಕೆಂಪು ಉಲ್ಲನ್ ಎಳೆ. ಪಟ್ಟಿ ಬಿಗಿಮಾಡುತ್ತಿದ್ದಂತೆ ಮೊದಲು ಚಪ್ಪಟೆಯಾದದ್ದು ಕೆಂಪು ಎಳೆ. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವವರ ಕಥೆ ಹೆಚ್ಚಾಗಿ ಇದೇ.

ಮುಂಗೈಯ ಹಲಗೆಗೆ ದಾರಗಳನ್ನೆಲ್ಲ ಬಿಗಿದು ಕಟ್ಟಿ ಎತ್ತಿದೆ. ಮಣಿಕಟ್ಟು ಕೆಳಕ್ಕೆ ಜೋತಿತು, ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಮಣಿಕಟ್ಟನ್ನು ಹಿಂದಕ್ಕೆ ಎತ್ತಿದೆ, ತಾವಾಗಿ ಮಡಚಿಕೊಂಡವು. ಯಾರೂ ದಾರ ಎಳೆದಿರಲಿಲ್ಲ. ದಾರದ ಉದ್ದ ಅಷ್ಟೇ ಇದೆ, ಮಣಿಕಟ್ಟು ಬಗ್ಗಿದಾಗ ದಾರಿ ಗಿಡ್ಡವಾಗುತ್ತದೆ, ಎತ್ತಿದಾಗ ಉದ್ದವಾಗುತ್ತದೆ. ಚಿಕ್ಕಂದಿನಲ್ಲಿ ಅಣ್ಣ ಮುಷ್ಟಿಯಲ್ಲಿ ಹುಣಸೆಬೀಜ ಬಚ್ಚಿಟ್ಟರೆ ನಾನು ಅವನ ಮಣಿಕಟ್ಟು ಒಳಕ್ಕೆ ಬಗ್ಗಿಸಿ ಬಿಡಿಸುತ್ತಿದ್ದೆ. ಅದರ ಒಳಗುಟ್ಟು ಇದು. ಕುತ್ತಿಗೆಯ ಮಿದುಳುಬಳ್ಳಿಗೆ ಪೆಟ್ಟಾಗಿ ಬೆರಳಿನ ಶಕ್ತಿ ಹೋದವರಲ್ಲಿ, ಮಣಿಕಟ್ಟು ಎತ್ತಲು ಬಂದರೆ, ಇದೇ ಉಪಾಯದಿಂದ ಲೋಟ ಹಿಡಿಯುವುದನ್ನು ಕಲಿಸುತ್ತಾರೆ.

ಜನವರಿ 11

ಕೈ ಮುಷ್ಟಿ ಕಟ್ಟುತ್ತದೆ, ಹಿಡಿಯುವುದಿಲ್ಲ. ನಿಂಬೆಹಣ್ಣು ಇಟ್ಟು ದಾರ ಎಳೆದರೆ ಬೆರಳು ತುದಿಯಿಂದ ಸುರುಳಿ ಸುತ್ತುತ್ತ ಬಂದು ಹಣ್ಣನ್ನು ಆಚೆ ತಳ್ಳಿಬಿಡುತ್ತದೆ. ಒಂದು ವಾರ ದಾರ ಸಡಿಲಿಸಿದೆ, ಬಿಗಿಮಾಡಿದೆ, ಬಳೆ ಸರಿಸಿದೆ. ಏನೂ ಆಗಲಿಲ್ಲ.

ಜನವರಿ 18

ಊಟಕ್ಕೆ ಕೂತಾಗ ನನ್ನ ಕೈ ನೋಡಿಕೊಂಡೆ. ತುತ್ತು ಎತ್ತುವಾಗ ಬೆರಳು ಬುಡದಲ್ಲಿ ಬಾಗಿರುತ್ತದೆ, ಮುಂದಿನ ಎರಡು ಗೆಣ್ಣು ಹೆಚ್ಚುಕಡಿಮೆ ನೇರ. ನನ್ನ ಮರದ ಕೈಗೆ ಬಾರದೇ ಇದ್ದದ್ದು ಈ ಭಂಗಿ. ಇದನ್ನು ಮಾಡುವ ಸ್ನಾಯುಗಳು ಅಂಗೈಯಲ್ಲೇ ಇವೆ. ಮೂಳೆಗಳ ನಡುವಿನ ಏಳು ಬೆರಳನ್ನು ಅಗಲಿಸಿ ಕೂಡಿಸುವುದರ ಜೊತೆಗೆ ಇದಕ್ಕೂ ಬಲ ಕೊಡುತ್ತವೆ. ಇನ್ನು ಎರೆಹುಳದಂತಿರುವ ನಾಲ್ಕು. ಲುಂಬ್ರಿಕಲ್ ಎಂಬ ಹೆಸರಿಗೂ ಎರೆಹುಳವೇ ಮೂಲ. ಇವಕ್ಕೆ ಮೂಳೆಯ ಹಂಗಿಲ್ಲ. ಆಳದ ಮಡಚುವ ರಜ್ಜಿನಿಂದ ಹುಟ್ಟಿ, ಬುಡದ ಕೀಲಿನ ಅಂಗೈ ಕಡೆಯಿಂದ ಸಾಗಿ, ಪಕ್ಕದಲ್ಲಿ ಓರೆಯಾಗಿ ಹತ್ತಿ ಬೆರಳ ಬೆನ್ನಿನ ಬಿಡಿಸುವ ರಜ್ಜಿಗೆ ಸೇರುತ್ತವೆ. ಎಳೆದರೆ ಬುಡ ಬಾಗುತ್ತದೆ, ತುದಿ ನೇರವಾಗುತ್ತದೆ.

ನಡುಬೆರಳಿಗೂ ತೋರುಬೆರಳಿಗೂ ಅದೇ ದಾರಿಯಲ್ಲಿ ಒಂದೊಂದು ಸಪೂರ ದಾರ ಹಾಕಿದೆ. ಮೊದಲು ಅದನ್ನು ಎಳೆದು, ಆಮೇಲೆ ಮಡಚುವುದನ್ನು ಎಳೆದರೆ ಬೆರಳು ಹರವಿಕೊಂಡು ಬಂದು ನಿಂಬೆಹಣ್ಣಿನ ಮೇಲೆ ಕೂರುತ್ತದೆ.

ಕುಷ್ಠರೋಗ ಅಲ್ನಾರ್ ನರವನ್ನು ಹಿಡಿದಾಗ ಹೋಗುವುದು ಈ ಪುಟ್ಟ ಸ್ನಾಯುಗಳಲ್ಲಿ ಹೆಚ್ಚಿನವು. ಬಲವಾದ ಉದ್ದ ರಜ್ಜುಗಳು ಉಳಿದಿರುತ್ತವೆ, ಆದರೂ ಬೆರಳು ಕೊಕ್ಕೆಯಾಗಿ ನಿಲ್ಲುತ್ತದೆ, ತುತ್ತು ಎತ್ತಲು ಬರುವುದಿಲ್ಲ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅಂಥ ಕೈಗಳಲ್ಲಿ ಇನ್ನೂ ಜೀವವಿರುವ ಬೇರೆ ಸ್ನಾಯುವಿನ ರಜ್ಜನ್ನು ತಿರುಗಿಸಿ ಇವುಗಳ ಜಾಗಕ್ಕೆ ಕಟ್ಟಿದರು. ಒಂದು ವಾರ ನನ್ನ ಮೇಜಿನ ಮೇಲಿದ್ದದ್ದು ಅದೇ ಕೈ ಎಂದು ತಿಳಿದಾಗ ನಿಂಬೆಹಣ್ಣನ್ನು ಮತ್ತೆ ಇಟ್ಟು, ಮತ್ತೆ ಎಳೆದು, ಬಹಳ ಹೊತ್ತು ನೋಡಿದೆ.

ಜನವರಿ 26

ಉಂಗುರಬೆರಳಿಗೂ ಕಿರುಬೆರಳಿಗೂ ಎರೆಹುಳ ಹಾಕಿಯಾಯಿತು. ಈ ಎರಡು ಬೆರಳ ಅಂಗೈಮೂಳೆಗಳ ಬುಡವನ್ನು ಸಡಿಲವಾಗಿಯೇ ಕಟ್ಟಿದ್ದೇನೆ. ನಡುಬೆರಳಿನದು, ತೋರುಬೆರಳಿನದು ಮಣಿಕಟ್ಟಿಗೆ ಬಿಗಿಯಾಗಿ ನೆಟ್ಟಿರಬೇಕು, ಕಿರುಬೆರಳ ಕಡೆಯವು ಮುಂದಕ್ಕೆ ಬಾಗಬೇಕು. ಹಾಗಿದ್ದರೇ ಅಂಗೈ ಗುಳಿ ಬಿದ್ದು ಬೊಗಸೆಯಾಗುತ್ತದೆ.

ಉಳಿದದ್ದು ಹೆಬ್ಬೆರಳು. ಅದೊಂದಕ್ಕೇ ಎಂಟು ಸ್ನಾಯು, ನಾಲ್ಕು ಮುಂಗೈಯಿಂದ, ನಾಲ್ಕು ಅಂಗೈಯಿಂದ. ಬುಡದ ಕೀಲು ಕುದುರೆಯ ಜೀನಿನ ಆಕಾರ, ಒಂದು ಕಡೆಯಿಂದ ಉಬ್ಬು, ಅಡ್ಡಕ್ಕೆ ತಗ್ಗು. ಹೆಬ್ಬೆರಳು ತಿರುಗಿ ಬಂದು ಕಿರುಬೆರಳನ್ನು ಮುಟ್ಟುವುದು ಆ ಜೀನಿನ ಮೇಲೆ. ಎರಡು ಸಲ ಕೆತ್ತಿ ಎರಡೂ ಸಲ ತಗ್ಗು ಹೆಚ್ಚಾಯಿತು. ಅಟ್ಟದ ತುಂಡಿನಲ್ಲಿ ಇನ್ನೊಂದು ಜೀನಿಗಾಗುವಷ್ಟು ಮರ ಇದೆ. ಸುಲಿಯುವ ಕೆಲಸ ಮುಗಿದ ಮೇಲೆ ಅಮ್ಮನ ಕೈಗೆ ದಿನ ಗೊತ್ತುಮಾಡಿಸಿದ್ದೇವೆ, ಫೆಬ್ರವರಿ ಎರಡನೇ ವಾರ. ಅಷ್ಟರೊಳಗೆ ಹೆಬ್ಬೆರಳು ಆಗಬೇಕು. ಮರದ ಕೈಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಬೇಕೆಂದು ಅವಳ ಹಟ.