ನಂಜನಗೂಡಿಗೆ ರೈಲಲ್ಲೇ ಹೋಗಿ, ಹಳೇ ಸೇತುವೆಯನ್ನೂ ನೋಡಿ ಬನ್ನಿ

ಮೈಸೂರಿನಿಂದ ನಂಜನಗೂಡಿಗೆ ಬೇಕಾದಷ್ಟು ಬಸ್ಸಿವೆ. ಆದರೂ ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಚಾಮರಾಜನಗರದ ರೈಲು ಹತ್ತಿದೆ. ಚಾಮರಾಜಪುರಂ, ಅಶೋಕಪುರಂ, ಕಡಕೊಳ ದಾಟಿದರೆ ಸ್ವಲ್ಪ ಹೊತ್ತಿಗೆ ನಂಜನಗೂಡು ಟೌನ್.

ಬೆಂಗಳೂರಿನ ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. ನಂಜನಗೂಡಿಗೆ ಬಂದಿದ್ದು 1891ರಲ್ಲಿ, ಚಾಮರಾಜನಗರಕ್ಕೆ ಹೋಗಿದ್ದು 1926ರಲ್ಲಿ. ಅಂದರೆ 35 ವರ್ಷ ಇದೇ ಕೊನೇ ಸ್ಟೇಷನ್. ನಂಜುಂಡೇಶ್ವರನ ದರ್ಶನಕ್ಕೆ ಬಂದವರು ಇಲ್ಲಿ ಇಳಿಯಲೇಬೇಕು, ಮುಂದೆ ಹಳಿಯೇ ಇರಲಿಲ್ಲ!

ಸ್ಟೇಷನ್ ನೋಡಿ ‘ಇಷ್ಟೇನಾ’ ಅನ್ನಿಸಿದರೆ ಬೇಜಾರಾಗಬೇಡಿ. ಇದರ ಕಥೆ ಇರುವುದು ಕಪಿಲೆಯ, ಅಂದರೆ ಕಬಿನಿ ಹೊಳೆಯ ಮೇಲೆ. ಆಟೋ ಹಿಡಿದು ಮೈಸೂರು ರಸ್ತೆಯಲ್ಲಿ ಹೊಳೆ ಹತ್ತಿರಕ್ಕೆ ಹೋಗಿ. ಹೊಸ ಸೇತುವೆಯ ಪಕ್ಕದಲ್ಲೇ ಹಳೇ ಕಲ್ಲಿನ ಸೇತುವೆ ಇದೆ. 1735ರಲ್ಲಿ, ಮೈಸೂರಿನ ಸೇನಾಪತಿಗಳಾಗಿದ್ದ ದಳವಾಯಿಗಳ ಕಾಲದಲ್ಲಿ ಕಟ್ಟಿದ್ದು. ಆಗ ರೈಲು ಅನ್ನುವುದೇ ಹುಟ್ಟಿರಲಿಲ್ಲ. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ಮುಂದೆ ಉಗಿಬಂಡಿಯನ್ನೂ ಹೊತ್ತಿತು ನೋಡಿ! ಜನ, ಗಾಡಿ, ರೈಲು ಎಲ್ಲ ಒಂದೇ ಸೇತುವೆಯ ಮೇಲೆ. ಹಳಿ ಅಗಲ ಮಾಡಿ ಬ್ರಾಡ್ ಗೇಜ್ ಮಾಡಲು 2007ರಲ್ಲಿ ಹಳೇ ಮೀಟರ್ ಗೇಜ್ ಲೈನ್ ನಿಲ್ಲಿಸುವವರೆಗೂ ಹಾಗೇ ನಡೆಯಿತು.

ದಡದಲ್ಲಿ ನಿಂತು ಕಮಾನುಗಳನ್ನು ನಿಧಾನವಾಗಿ ನೋಡಿ. ದುಂಡಗಿಲ್ಲ, ತುದಿ ಚೂಪು. ಸಂದಿಗಳಲ್ಲಿ ಗಿಡ ಬೇರು ಬಿಟ್ಟಿದೆ. ಅದನ್ನು ನೋಡಿದರೆ ಸಂಕಟವಾಗುತ್ತದೆ, ಇಂಥದ್ದನ್ನು ಇನ್ನೂ ಜಾಸ್ತಿ ಜೋಪಾನ ಮಾಡಬೇಕಲ್ವಾ?

“ಚಿಕ್ಕವಳಿದ್ದಾಗ ರೈಲು ಇಲ್ಲಿ ಬಂದ ತಕ್ಷಣ ಅಜ್ಜಿ ನನ್ನ ಕೈಗೆ ಕಾಸು ಕೊಡೋರು ಕಣೇ. ಕಿಟಕಿಯಿಂದ ಕಪಿಲೆಗೆ ಹಾಕು, ಕೈ ಮುಗಿ ಅನ್ನೋರು,” ಅಂತ ಅಮ್ಮ ಹೇಳಿದರು. ಹೇಳುತ್ತಾ ಅಲ್ಲೇ ನಿಂತು ಕೈ ಮುಗಿದರು.

ಹೋಗುವವರಿಗೆ ಒಂದೆರಡು ಮಾತು. ಬೆಳಗಿನ ರೈಲಿಗೆ ಹೋಗಿ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಆದ್ದರಿಂದ ಮೊದಲು ದರ್ಶನ, ಆಮೇಲೆ ಸೇತುವೆ. ಸೋಮವಾರ, ಅಮಾವಾಸ್ಯೆ, ದೊಡ್ಡ ಜಾತ್ರೆ ದಿನ ಕಾಲಿಡಲು ಜಾಗ ಇರುವುದಿಲ್ಲ. ಮಳೆಗಾಲದಲ್ಲಿ ಕಬಿನಿ ಡ್ಯಾಮಿನಿಂದ ನೀರು ಬಿಟ್ಟಾಗ ಹೊಳೆ ಉಕ್ಕಿ ಸ್ನಾನಘಟ್ಟವೇ ಮುಳುಗುತ್ತದೆ, ಆಗ ಬೇಡ. ಸೇತುವೆ ಮೇಲೆ ಹತ್ತುವ ಸಾಹಸವೂ ಬೇಡ, ದಡದಿಂದಲೇ ಚೆನ್ನಾಗಿ ಕಾಣುತ್ತದೆ. ಹಿಂದಿನ ದಿನ ಮೈಸೂರು ಸ್ಟೇಷನ್ ಪಕ್ಕದ ರೈಲ್ವೆ ಮ್ಯೂಸಿಯಂ ನೋಡಿಕೊಂಡರೆ ಇನ್ನೂ ಒಳ್ಳೆಯದು. ಮೀಟರ್ ಗೇಜ್ ಅಂದರೆ ಹಳಿಗಳ ನಡುವೆ ಒಂದೇ ಮೀಟರ್. ಆ ಪುಟ್ಟ ಅಗಲ ಕಣ್ಣಲ್ಲಿದ್ದರೆ, ಈ ಸೇತುವೆಯ ಮೇಲೆ ರೈಲು ಹೇಗೆ ಹೋಗುತ್ತಿತ್ತು ಅಂತ ಊಹಿಸುವುದು ಸುಲಭ.

ವಾಪಸ್ ರೈಲಿನ ಹೊತ್ತು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಒಂದು ತಪ್ಪಿದರೆ ಮುಂದಿನದಕ್ಕೆ ತುಂಬಾ ಕಾಯಬೇಕು. ನಮಗೆ ತಪ್ಪಿಯೇ ಹೋಯಿತು. ಬಸ್ಸಿನಲ್ಲಿ ಬಂದೆವು. ಹೊಳೆ ದಾಟುವಾಗ ಹಳೇ ಸೇತುವೆ ಮತ್ತೆ ಕಂಡಿತು. ಅಮ್ಮ ಪರ್ಸಿನಿಂದ ಒಂದು ರೂಪಾಯಿ ತೆಗೆದು ನನ್ನ ಕೈಗೆ ಕೊಟ್ಟರು.