ಥಾಯ್ಲೆಂಡಿಗೆ ಹೋಗಿ ನೆಲೆಸಬಹುದೇ?

ರಜೆಗೆಂದು ಥಾಯ್ಲೆಂಡಿಗೆ ಬಂದು, ಹತ್ತು ದಿನ ನನ್ನ ಬಾಡಿಗೆ ಮನೆಯಲ್ಲಿ ಉಳಿದು ಮರಳಿ ಹೋದ ಪರಿಚಿತರು ವಾರದೊಳಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ನಿವೃತ್ತಿಯ ನಂತರ ನಾವೂ ಅಲ್ಲಿಗೇ ಬಂದು ನೆಲೆಸಿಬಿಡಬಹುದಲ್ಲವೇ? ಅವರು ಕಂಡದ್ದು ಉತ್ತರ ಥಾಯ್ಲೆಂಡಿನಲ್ಲಿ ನಾನಿರುವ ಊರು, ಡಿಸೆಂಬರಿನ ಚಿಯಾಂಗ್ ಮಾಯ್. ಬೆಳಗಿನ ಹೊತ್ತು ಸ್ವೆಟರ್ ಬೇಕೆನಿಸುವ ತಂಪು, ಪಶ್ಚಿಮಕ್ಕೆ ಡೊಯ್ ಸುಥೆಪ್ ಬೆಟ್ಟದ ನಿಚ್ಚಳವಾದ ಅಂಚು, 1296ರಲ್ಲಿ ಮಂಗ್ರಾಯ್ ಅರಸನು ಸ್ಥಾಪಿಸಿದ ಹಳೆಯ ನಗರದ ನಾಲ್ಕೂ ಬದಿಗೆ ನೀರು ತುಂಬಿದ ಕಂದಕ. ಅಂಥ ತಿಂಗಳಲ್ಲಿ ಬಂದವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. ಆದರೆ ಪ್ರಶ್ನೆಯೊಳಗಿನ ಕ್ರಿಯಾಪದದ ಬಗ್ಗೆ ನನಗೊಂದು ತಕರಾರಿದೆ. ಥಾಯ್ಲೆಂಡಿನಲ್ಲಿ ಇರಬಹುದು, ವರ್ಷಗಟ್ಟಲೆ ಇರಬಹುದು, ಸುಖವಾಗಿಯೂ ಇರಬಹುದು. ನೆಲೆಸುವುದು ಬೇರೆಯದೇ ವ್ಯವಹಾರ. ಅದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ.

ಇರುವುದಕ್ಕೆ ದಾರಿಗಳು ಹಲವಿವೆ. 50 ವರ್ಷ ತುಂಬಿದವರು ಥಾಯ್ ಬ್ಯಾಂಕಿನ ಖಾತೆಯಲ್ಲಿ 8 ಲಕ್ಷ ಬಾತ್ ಇಟ್ಟು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯವಿರುವುದನ್ನು ತೋರಿಸಿ, ನಿವೃತ್ತಿಯ ಆಧಾರದ ಮೇಲೆ ಒಂದೊಂದೇ ವರ್ಷದ ವಿಸ್ತರಣೆ ಪಡೆಯಬಹುದು. ಆ 8 ಲಕ್ಷವಾದರೂ ಇಟ್ಟು ಮರುದಿನ ತೆಗೆಯುವ ಹಣವಲ್ಲ. ಅರ್ಜಿಗೆ ಎರಡು ತಿಂಗಳು ಮೊದಲಿನಿಂದ ಇರಬೇಕು, ಮಂಜೂರಾದ ಮೇಲೆ ಮೂರು ತಿಂಗಳು ಅಲುಗಬಾರದು, ಅಲ್ಲಿಂದ ಮುಂದೆಯೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಇನ್ನೂ ದುಡಿಯುತ್ತಿರುವ, ಹೊರದೇಶದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ತರುವ ಕಿರಿಯರಿಗಾಗಿ 2024ರಲ್ಲಿ ಐದು ವರ್ಷಗಳ ವೀಸಾವೊಂದು ಬಂದಿದೆ. ಪ್ರತಿ ಪ್ರವೇಶಕ್ಕೆ 180 ದಿನ, ತೋರಿಸಬೇಕಾದ ಹಣ 5 ಲಕ್ಷ ಬಾತ್. ಈ ಯಾವ ದಾರಿಯೂ ಶಾಶ್ವತ ವಾಸಕ್ಕೆ ತಾನಾಗಿ ಕರೆದೊಯ್ಯುವುದಿಲ್ಲ. ಶಾಶ್ವತ ವಾಸದ ಹಕ್ಕು ಎಂಬುದೊಂದು ಇದೆ, ನಿಜ. ಆದರೆ ಅದಕ್ಕೆ ಒಂದೊಂದು ರಾಷ್ಟ್ರದವರಿಗೆ ವರ್ಷಕ್ಕೆ 100 ಜನರ ಮಿತಿಯಿದೆ, ಮತ್ತು ನಿವೃತ್ತರಾಗಿ ಹಾಯಾಗಿರುವುದು ಅದಕ್ಕೆ ಅರ್ಹತೆಯಲ್ಲ.

ನನ್ನ ಪಾಸ್‌ಪೋರ್ಟಿನ ಹಿಂದಿನ ಪುಟವೊಂದಕ್ಕೆ ಸ್ಟೇಪ್ಲರ್ ಹೊಡೆದ ಚೀಟಿಯೊಂದಿದೆ. ಅಂಗೈಗಿಂತ ಚಿಕ್ಕದು. ಅದರ ಮೇಲೆ ನಾನು ಮತ್ತೆ ಇಮಿಗ್ರೇಷನ್ ಕಚೇರಿಗೆ ವರದಿ ಮಾಡಬೇಕಾದ ತಾರೀಖು ಇರುತ್ತದೆ. ದೇಶದೊಳಗೆ ಎಡೆಬಿಡದೆ 90 ದಿನ ಇದ್ದ ನನ್ನಂಥ ವಿದೇಶಿಯರು ತಾವು ಎಲ್ಲಿ ವಾಸಿಸುತ್ತಿದ್ದೇವೆ ಎಂಬುದನ್ನು ತಿಳಿಸಬೇಕು. ತಾರೀಖಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶ, ತಪ್ಪಿದರೆ 2,000 ಬಾತ್ ದಂಡ. ಮಳೆಗಾಲದ ತೇವಕ್ಕೆ ಆ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು, ಹಳೆಯ ಚೀಟಿಯನ್ನು ಕಿತ್ತು ಹೊಸದನ್ನು ಹೊಡೆದಾಗಲೆಲ್ಲ ಕಂದು ಬಣ್ಣದ ಎರಡು ಚುಕ್ಕೆಗಳು ಪುಟದ ಮೇಲೆ ಉಳಿಯುತ್ತವೆ. ನಾನು ಇಲ್ಲಿ ಎಷ್ಟು ಕಾಲದಿಂದ ಇದ್ದೇನೆ ಎಂಬುದನ್ನು ಈ ಚುಕ್ಕೆಗಳನ್ನು ಎಣಿಸಿ ಹೇಳಬಹುದು.

ವಾರ್ಷಿಕ ವಿಸ್ತರಣೆಯ ದಿನ ಇನ್ನೂ ಗಂಭೀರವಾದದ್ದು. ಶುಲ್ಕ 1,900 ಬಾತ್ ಮಾತ್ರ, ಆದರೆ ಕಾಗದಗಳ ಕಟ್ಟು ದಪ್ಪ: ಬ್ಯಾಂಕಿನ ಪತ್ರ, ಅಂದೇ ಬೆಳಗ್ಗೆ ಎಂಟ್ರಿ ಹಾಕಿಸಿದ ಪಾಸ್‌ಬುಕ್, ಪಾಸ್‌ಪೋರ್ಟಿನ ಪುಟಪುಟದ ಝೆರಾಕ್ಸ್, ಪ್ರತಿ ಝೆರಾಕ್ಸಿನ ಮೇಲೂ ನೀಲಿ ಶಾಯಿಯ ಸಹಿ, ಬಾಡಿಗೆಯ ಕರಾರುಪತ್ರ, ಕೊನೆಗೆ ಮನೆಗೆ ಬರುವ ದಾರಿಯನ್ನು ತೋರಿಸುವ ನಕ್ಷೆ. ಮೊದಲ ವರ್ಷ ನಾನು ಆ ನಕ್ಷೆಯನ್ನು ಕೈಯಲ್ಲೇ ಬಿಡಿಸಿ, ಓಣಿಯ ತುದಿಯ ದೇವಸ್ಥಾನವನ್ನು ಮನೆಗಿಂತ ದೊಡ್ಡದಾಗಿ ಬರೆದಿದ್ದೆ. ಅದೇ ಮನೆಯೆಂದು ತಿಳಿದ ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟೆಲ್ಲ ಮಾಡಿ ಪಡೆದ ವರ್ಷವೂ, ದೇಶ ಬಿಡುವ ಮುನ್ನ ಮರುಪ್ರವೇಶದ ಪರವಾನಗಿ ಪಡೆಯದಿದ್ದರೆ ವಿಮಾನ ಹತ್ತಿದ ಗಳಿಗೆಗೆ ರದ್ದಾಗುತ್ತದೆ. ಒಂದು ಸಲದ್ದಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ನನ್ನ ಪರಿಚಯದವರೊಬ್ಬರು ತಂದೆಯ ಅಂತ್ಯಕ್ರಿಯೆಗೆಂದು ರಾತ್ರೋರಾತ್ರಿ ಹೊರಟು ಇದನ್ನು ಮರೆತರು. ತಿರುಗಿ ಬಂದಾಗ ಆರು ವರ್ಷಗಳಿಂದ ಇದ್ದ ಊರಿಗೆ ಪ್ರವಾಸಿಯಾಗಿ ಇಳಿದರು.

ಥಾಯ್ ಭಾಷೆಯಲ್ಲಿ ಪರವಾನಗಿಗೆ ‘ಬೈ ಅನುಯಾತ್’ ಎನ್ನುತ್ತಾರೆ. ಅನುಯಾತ್ ಎಂದರೆ ನಮ್ಮ ಅನುಜ್ಞಾತವೇ. ‘ಬೈ’ ಎಂದರೆ ಎಲೆ. ಅನುಜ್ಞೆಯ ಓಲೆ ಎಂದುಕೊಂಡರೆ ಅರ್ಥ ತಾನಾಗಿ ಕೂಡಿಬರುತ್ತದೆ. ಇನ್ನೊಂದು ಪದ ಇದಕ್ಕಿಂತ ಸ್ವಾರಸ್ಯದ್ದು. ದಕ್ಷಿಣ ಏಷ್ಯಾದ ಕಡೆಯಿಂದ ಬಂದವರನ್ನು ಇಲ್ಲಿನವರು ‘ಖೇಕ್’ ಎಂದು ಕರೆಯುತ್ತಾರೆ. ಕೆಲವರಿಗೆ ಅದು ಮೂದಲಿಕೆಯಂತೆ ಕೇಳಿಸುತ್ತದೆ, ಹೇಳುವವರ ದನಿಯನ್ನು ಅವಲಂಬಿಸಿ ಒಮ್ಮೊಮ್ಮೆ ಹಾಗೆ ಇರಲೂಬಹುದು. ಆದರೆ ಪದದ ಮೂಲಾರ್ಥ ಅತಿಥಿ ಎಂದು. ಬರುವ ದಿನ ಗೊತ್ತಿಲ್ಲದವನು, ತಿಥಿಯಿಲ್ಲದವನು ಅತಿಥಿ ಎಂದು ನಮ್ಮಲ್ಲಿ ಹೇಳುವುದುಂಟು. ಇಲ್ಲಿ ಅತಿಥಿಗೆ ಇರುವುದೆಲ್ಲ ತಿಥಿಯೇ: ಚೀಟಿಯ ಮೇಲೊಂದು, ಮೊಹರಿನೊಳಗೊಂದು, ಬ್ಯಾಂಕಿನ ಪತ್ರದಲ್ಲೊಂದು. (ತಿಥಿಯ ಇನ್ನೊಂದು ಅರ್ಥವನ್ನು ಇಲ್ಲಿ ಎಳೆದು ತರುವುದು ಬೇಡ.) ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್‌ನಂತೆ 20,000ದವರೆಗೆ ದಂಡ, ಅತಿಥಿ 90 ದಿನಕ್ಕಿಂತ ಹೆಚ್ಚು ಮೈಮರೆತರೆ ದೇಶದ ಬಾಗಿಲು ಕನಿಷ್ಠ ಒಂದು ವರ್ಷ ಮುಚ್ಚುತ್ತದೆ.

ಮನೆ ಕೊಳ್ಳಬಹುದೇ ಎಂದು ಕೇಳುವವರಿಗೂ ಇದೇ ಉತ್ತರ. ವಿದೇಶಿಯರ ಹೆಸರಿನಲ್ಲಿ ಸಾಮಾನ್ಯವಾಗಿ ನೆಲ ದಾಖಲಾಗುವುದಿಲ್ಲ. ಕಾಂಡೋಮಿನಿಯಂ ಕಟ್ಟಡದಲ್ಲಿ ಒಟ್ಟು ವಿಸ್ತೀರ್ಣದ ಶೇಕಡಾ 49ರವರೆಗೆ ವಿದೇಶಿಯರು ಕೊಳ್ಳಬಹುದು. ನೆಲವನ್ನಾದರೆ 30 ವರ್ಷದ ಗುತ್ತಿಗೆಗೆ ಪಡೆಯಬಹುದು. ಸ್ಥಳೀಯರೊಬ್ಬರ ಹೆಸರಿನಲ್ಲಿ ಕೊಂಡು ಒಳಗೊಳಗೇ ನಮ್ಮದೆನ್ನುವ ಉಪಾಯವನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಮತ್ತು ಜಗಳವಾದ ದಿನ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕೆಲಸದ ಪರವಾನಗಿಯಿಲ್ಲದೆ ದುಡಿಯುವಂತಿಲ್ಲ. ಕ್ಷೌರ, ಪ್ರವಾಸಿ ಮಾರ್ಗದರ್ಶನ, ಥಾಯ್ ಮಸಾಜ್ ಮುಂತಾದ ಕೆಲವು ಕಸುಬುಗಳಂತೂ ಥಾಯ್ ಪ್ರಜೆಗಳಿಗೇ ಮೀಸಲು. ನಾನು ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಹೊರಗಿನ ದುಡ್ಡಿನ ಎದುರು ತನ್ನವರ ನೆಲವನ್ನೂ ಕಸುಬನ್ನೂ ಕಾಯ್ದುಕೊಳ್ಳಲು ದೇಶವೊಂದು ಬೇಲಿ ಹಾಕಿದರೆ, ಬೇಲಿಯ ಹೊರಗೆ ನಿಂತವನು ನಾನೆಂಬ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ತಮಾಷೆಯೆಂದರೆ ತೆರಿಗೆಯವರ ಲೆಕ್ಕ ಬೇರೆ. ವರ್ಷದಲ್ಲಿ 180 ದಿನ ಇದ್ದರೆ ಅವರ ಪಾಲಿಗೆ ನಾನು ನಿವಾಸಿ, ಮತ್ತು 2024ರ ಜನವರಿ 1ರಿಂದ ಬಂದ ನಿಯಮದ ಪ್ರಕಾರ ಅಂದಿನಿಂದೀಚೆಗೆ ವಿದೇಶದಲ್ಲಿ ಗಳಿಸಿದ ಹಣವನ್ನು ಯಾವ ವರ್ಷ ಒಳಗೆ ತಂದರೂ ಅದು ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಾಡಿಗೆಗೆ ಎರಡು ತಿಂಗಳ ಅಡ್ವಾನ್ಸ್, ಮನೆಯ ಮಾಲೀಕರೇ ವಸೂಲು ಮಾಡುವ ಕಡೆ ತುಸು ಹೆಚ್ಚಿನ ದರದ ವಿದ್ಯುತ್ತು, ವಯಸ್ಸಿನೊಂದಿಗೆ ಏರುತ್ತಲೇ ಹೋಗುವ ಆರೋಗ್ಯ ವಿಮೆಯ ಕಂತು. ಮೊದಲೆರಡನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಹೊಡೆತ ಬೀಳುವುದು ಮೂರನೆಯದರಿಂದ.

ಇನ್ನು ಹವಾಮಾನ. ಉಷ್ಣವಲಯವೆಂದರೆ ಸೆಖೆ ಎಂದುಕೊಂಡು ಬರುವವರು ಸೆಖೆಗೆ ಬೇಗ ಒಗ್ಗಿಕೊಳ್ಳುತ್ತಾರೆ. ಒಗ್ಗದಿರುವುದು ಚಿಯಾಂಗ್ ಮಾಯ್‌ನ ಹೊಗೆ. ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಉತ್ತರದ ಬೆಟ್ಟಗಳಲ್ಲಿ ಕಾಡು ಉರಿಯುತ್ತದೆ, ಮೆಕ್ಕೆಜೋಳ ಮುಂತಾದ ಬೆಳೆಗಳ ಕೂಳೆಯನ್ನು ಸುಡುತ್ತಾರೆ, ಗಡಿಯಾಚೆಯ ಮ್ಯಾನ್ಮಾರ್ ಮತ್ತು ಲಾವೋಸ್‌ನ ಹೊಗೆಯೂ ಬಂದು ಸೇರುತ್ತದೆ. ಊರು ಇರುವುದು ಕಣಿವೆಯಲ್ಲಿ. ಮೇಲೆ ಬಿಸಿಗಾಳಿಯ ಪದರ ಮುಚ್ಚಳದಂತೆ ಕೂತು ಕೆಳಗಿನ ಹೊಗೆಯನ್ನು ಏಳಗೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ದಿನದ ಸರಾಸರಿಯಾಗಿ ಘನಮೀಟರಿಗೆ 15 ಮೈಕ್ರೊಗ್ರಾಂ ಎಂದು ಮಿತಿ ಹೇಳುತ್ತದೆ, ಥಾಯ್ಲೆಂಡಿನ ಸ್ವಂತ ಮಿತಿ 2023ರಿಂದ 37.5; ಮಾರ್ಚಿನಲ್ಲಿ ಇಲ್ಲಿ 100ನ್ನು ದಾಟುವ ದಿನಗಳು ಬರುತ್ತವೆ. ಡಿಸೆಂಬರಿನಲ್ಲಿ ಫೋಟೋ ತೆಗೆದುಕೊಂಡ ಡೊಯ್ ಸುಥೆಪ್ ಆಗ ಕಾಣಿಸುವುದೇ ಇಲ್ಲ. ಬಾಗಿಲ ಸಂದಿಗೆ ಟೇಪು ಅಂಟಿಸಿ, ಗಾಳಿ ಶುದ್ಧೀಕರಿಸುವ ಯಂತ್ರದ ಪಕ್ಕದಲ್ಲಿ ಕೂತು, ಬಿಳಿಯ ಫಿಲ್ಟರು ವಾರದಲ್ಲಿ ಬೂದಿಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಕೆಲಸ. ಏಪ್ರಿಲ್ 13ರಿಂದ ಸೊಂಗ್‌ಕ್ರಾನ್, ಅಂದರೆ ಸಂಕ್ರಾಂತಿಯೇ. ಆ ಹೊತ್ತಿಗೆ ಗುಡುಗಿನ ಮಳೆಯೊಂದು ಸುರಿದರೆ ಅದು ಆ ವರ್ಷದ ಭಾಗ್ಯ. ಇಲ್ಲಿ ಬೇರೂರಿದ ವಿದೇಶಿಯರೆನಿಸಿಕೊಂಡವರು ಆ ಎರಡು ತಿಂಗಳು ದಕ್ಷಿಣದ ಕಡಲ ತೀರಕ್ಕೆ ಓಡುತ್ತಾರೆ; ಓಡಲಾಗದವರು ಊರಿನವರು.

ಮಳೆಗಾಲದ ಉಪದ್ರವ ಬೇರೆ ತೆರನದು. ಸೆಪ್ಟೆಂಬರಿನಲ್ಲೊಮ್ಮೆ ಎರಡು ವಾರ ಮುಚ್ಚಿಟ್ಟ ಬೀರುವನ್ನು ತೆರೆದಾಗ ಚರ್ಮದ ಶೂಗಳ ಮೇಲೆ ಹಸಿರುಬಿಳಿ ಬೂಷ್ಟು ವೆಲ್ವೆಟ್ಟಿನಂತೆ ಹಬ್ಬಿತ್ತು, ಬೆಲ್ಟಿನ ಮೇಲೂ, ಊರಿಂದ ತಂದ ನಿಘಂಟಿನ ಬೆನ್ನಿನ ಮೇಲೂ. ಶೂಗಳನ್ನು ಎಸೆದೆ. ನಿಘಂಟನ್ನು ಬಿಸಿಲಿಗೆ ಇಟ್ಟು ಉಳಿಸಿಕೊಂಡೆ, ವಾಸನೆ ಈಗಲೂ ಇದೆ.

ಅದೇ ಕಾಲ ಡೆಂಗಿಯದ್ದೂ ಹೌದು. ಹೂಕುಂಡದ ತಟ್ಟೆಯ ನೀರಿನಲ್ಲಿ ಹುಟ್ಟಿ ಹಗಲಲ್ಲೇ ಕಚ್ಚುವ ಈಡಿಸ್ ಸೊಳ್ಳೆ ನನ್ನನ್ನೂ ಬಿಡಲಿಲ್ಲ. ನಾಲ್ಕನೆಯ ದಿನ ಜ್ವರ ಇಳಿದಾಗ ಗುಣವಾಯಿತೆಂದು ನಾನು ಎದ್ದು ಕೂತಿದ್ದೆ. ಹಿಂಬದಿಯ ಮನೆಯಲ್ಲಿರುವ ಮಾಲಕಿ ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ದರು. ಅವರದೇ ಸರಿ. ಡೆಂಗಿಯಲ್ಲಿ ಅಪಾಯದ ಘಟ್ಟ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೇ, ಮತ್ತು ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿದವರಿಗೆ ರಕ್ತಸ್ರಾವದ ಭಯ ಹೆಚ್ಚು. ದಾಖಲಾತಿಯ ಫಾರಂನಲ್ಲಿ ತುರ್ತಿಗೆ ಕರೆಯಬೇಕಾದವರ ಹೆಸರು, ಅವರಿಗೂ ರೋಗಿಗೂ ಇರುವ ಸಂಬಂಧ ಎಂದು ಎರಡು ಸಾಲುಗಳಿದ್ದವು. ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದನ್ನು ನೋಡಿ ಅವರು ಫಾರಂ ಕಸಿದುಕೊಂಡು ತಮ್ಮ ಹೆಸರು ಬರೆದರು, ಸಂಬಂಧದ ಜಾಗದಲ್ಲಿ ‘ಪಾ’ ಎಂದು ಬರೆದರು. ಪಾ ಎಂದರೆ ದೊಡ್ಡಮ್ಮ. ತಂದೆತಾಯಿಗಿಂತ ಹಿರಿಯಳಿಗೆ ಒಂದು ಪದ, ಕಿರಿಯಳಿಗೆ ಇನ್ನೊಂದು ಎಂಬ ಲೆಕ್ಕ ನಮ್ಮಲ್ಲಿರುವಂತೆ ಅವರಲ್ಲೂ ಇದೆ. ಬಾಡಿಗೆಗೆ ಬಂದ ದಿನ, ಮನೆಯಲ್ಲಿ ವಿದೇಶಿಯೊಬ್ಬರು ಉಳಿದಿದ್ದಾರೆಂದು ಕಾನೂನಿನ ಪ್ರಕಾರ 24 ಗಂಟೆಯೊಳಗೆ ಇಮಿಗ್ರೇಷನ್ ಕಚೇರಿಗೆ ವರದಿ ಮಾಡಿದವರೂ ಇದೇ ದೊಡ್ಡಮ್ಮ.

ಭಾಷೆ ಬಾರದಿದ್ದರೂ ಬದುಕಬಹುದು ಎನ್ನುವವರಿದ್ದಾರೆ. ಬದುಕಬಹುದು, ಆದರೆ ಅಂಥ ಫಾರಂ ತುಂಬಿಕೊಡುವವರು ಸಿಗುವುದಿಲ್ಲ. ಕಲಿಯಲು ಕಷ್ಟವಾಗುವುದು ಐದು ಸ್ವರಗಳ ಏರಿಳಿತ: ‘ಖಾವ್’ ಎಂಬುದನ್ನು ಇಳಿಸಿ ಹೇಳಿದರೆ ಅನ್ನ, ಏರಿಸಿದರೆ ಬಿಳಿ, ತಗ್ಗಿನಲ್ಲೇ ಹಿಡಿದರೆ ಸುದ್ದಿ. ಆದರೆ ಶಬ್ದಕೋಶದಲ್ಲಿ ನಮಗೊಂದು ರಿಯಾಯಿತಿ ಇದೆ. ಆಹಾನ್ ಎಂದರೆ ಆಹಾರ, ಪಾಸಾ ಎಂದರೆ ಭಾಷೆ, ಪ್ರಥೇತ್ ಎಂದರೆ ದೇಶ, ನಮ್ಮ ಪ್ರದೇಶ. ಸಸ್ಯಾಹಾರಕ್ಕೆ ‘ಮಂಗ್ಸವಿರತ್’ ಎನ್ನುತ್ತಾರೆ, ಅದು ಮಾಂಸವಿರತಿ. ಆ ಪದ ಹೇಳಿದ ಮಾತ್ರಕ್ಕೆ ತಟ್ಟೆಯಿಂದ ಮೀನಿನ ಸಾಸು ದೂರವಾಗುತ್ತದೆಂದು ನಂಬಬಾರದು. ಪೂರಾ ಬೇಡವೆನ್ನುವವರು ‘ಜೇ’ ಎಂದು ಕೇಳಬೇಕು, ಹಳದಿ ಬಾವುಟದ ಅಂಗಡಿ ಹುಡುಕಬೇಕು. ಅಲ್ಲಿ ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ.

ಇಷ್ಟು ಕೇಳಿದ ಮೇಲೂ ಬರುತ್ತೇವೆ ಎನ್ನುವವರಿಗೆ ನಾನು ಹೇಳುವುದಿಷ್ಟೇ. ಊರಿನ ಮನೆಯನ್ನು ಮಾರಬೇಡಿ. ಮುಂದಿನ ಮಾರ್ಚಿನಲ್ಲಿ ಬಂದು ಒಂದು ತಿಂಗಳು ಬಾಡಿಗೆಗೆ ಇರಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ತಿಂಗಳು, ಹೋಟೆಲಿನಲ್ಲಲ್ಲ, ಓಣಿಯೊಳಗೆ. ಬರುವಾಗ ಚರ್ಮದ ಶೂ ಬೇಡ. ಆಮೇಲೆ ಕೂತು 8 ಲಕ್ಷ ಬಾತ್‌ನ ವಿಷಯ ಮಾತಾಡೋಣ.